ಪಿಯಾನೋ ತಾಕ್ ಸತ್ತ ಸಂಜೆ

ಮೋಕ್‌ಪೋ ಊರಿನ ಒಣಮೀನು ಪೇಟೆಯಲ್ಲಿ ತಾಕ್ ಇನ್‌ಸೋ ಎಂದು ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಪಿಯಾನೋ ಎಂದು ಕೇಳಬೇಕು. "ಯಾರು, ಜೋಮ್‌ಸುನ್ ಅಜ್ಜಿ ಮಗ ಪಿಯಾನೋನಾ?" ಎಂದು, ಸೀಗಡಿ ತೂಗುತ್ತಿದ್ದ ಕೈಯಲ್ಲೇ ದಾರಿ ತೋರಿಸುತ್ತಾರೆ. ಜರ್ಮನಿಯಲ್ಲಿ ಐದು ವರ್ಷ ಓದಿ ಬಂದ, ವರ್ಷಕ್ಕೊಂದು ಕಛೇರಿಯನ್ನು ತಪ್ಪದೆ ಕೊಡುವ, ನಲವತ್ತೇಳು ವರ್ಷದ ಕಲಾವಿದನನ್ನು ಆ ಪೇಟೆ ಒಂದು ಮರದ ಪೆಟ್ಟಿಗೆಯ ಹೆಸರಿನಿಂದ ಕರೆಯುತ್ತದೆ. ಇದರಿಂದ ಇನ್‌ಸೋಗೆ ಬೇಸರವೇನೂ ಇರಲಿಲ್ಲ. ಅವನ ಬೇಸರವೇ ಬೇರೆ ಇತ್ತು. ಅವನ ಹದಿನೆಂಟು ಕಛೇರಿಗಳಲ್ಲಿ ಒಂದನ್ನೂ ಅವನ ಅಮ್ಮ ಒಳಗೆ ಕೂತು ಕೇಳಿರಲಿಲ್ಲ.

ಬಂದಿರಲಿಲ್ಲ ಅಂತಲ್ಲ. ಹದಿನೆಂಟಕ್ಕೂ ಬಂದಿದ್ದಳು, ಎಲ್ಲರಿಗಿಂತ ಎರಡು ಗಂಟೆ ಮೊದಲೇ ಬಂದಿದ್ದಳು. ಒಣಮೀನಿನ ವಾಸನೆ ಹೋಗುವ ತನಕ ಕೈ ತಿಕ್ಕಿ ತೊಳೆದು, ಪೆಟ್ಟಿಗೆಯಿಂದ ತೆಗೆದ ಹಬ್ಬದ ಉಡುಪು ಹಾನ್‌ಬೋಕ್ ಉಟ್ಟು, ಸಭಾಂಗಣದ ಬಾಗಿಲ ಹೊರಗಿನ ಮೇಜಿನ ಹಿಂದೆ ನಿಲ್ಲುತ್ತಿದ್ದಳು. ಅಂಥ ಕಛೇರಿಗಳಿಗೆ ಟಿಕೆಟು ಕೊಂಡು ಬರುವವರು ಯಾರು? ಕರೆಯೋಲೆ ಹಂಚಿ, ಫೋನು ಮಾಡಿ, ದಾರಿಯಲ್ಲಿ ಸಿಕ್ಕಾಗ ಇನ್ನೊಮ್ಮೆ ಹೇಳಿ ಕರೆಸಬೇಕು. ಬಂದವರು ಉಪಕಾರ ಮಾಡಿದಂತೆ. ಅವರಿಗೆ ಮನೆಯವರೇ ನಿಂತು ಸೊಂಟ ಬಗ್ಗಿಸಬೇಕು. ಎಲ್ಲರೂ ಒಳಗೆ ಹೋಗಿ, ದಪ್ಪ ಬಾಗಿಲು ಮುಚ್ಚಿಕೊಂಡು, ಒಳಗಿನ ಒಂದು ಸ್ವರವೂ ಹೊರಗೆ ಬಾರದಂತಾದ ಮೇಲೂ ಜೋಮ್‌ಸುನ್ ಅಲ್ಲೇ ನಿಂತಿರುತ್ತಿದ್ದಳು.

"ಎಲ್ಲಾ ಬಂದಾಯ್ತಲ್ಲಮ್ಮ, ಒಳಗೆ ಬಂದು ಕೂತ್ಕೋ" ಎಂದು ಮಗ ಪ್ರತಿ ವರ್ಷ ಹೇಳುತ್ತಿದ್ದ.

"ತಡವಾಗಿ ಯಾರಾದ್ರೂ ಬಂದ್ರೆ? ಬಾಗಿಲಲ್ಲಿ ಒಂದು ನರಪಿಳ್ಳೆ ಇಲ್ಲ ಅಂದ್ರೆ ಏನಂದ್ಕೋತಾರೆ?"

"ಯಾರೂ ಬರಲ್ಲಮ್ಮ."

"ಬರಲ್ಲ ಅಂತ ನೀನ್ಹೆಂಗೆ ಹೇಳ್ತೀಯ? ಉಲ್‌ಸಾನಿಂದ ನಿನ್ ಚಿಕ್ಕಪ್ಪ ಕೊನೇ ಹೊತ್ತಿಗೆ ಬರ್ಲಿಲ್ವಾ?"

ಚಿಕ್ಕಪ್ಪ ಬಂದದ್ದು ನಿಜ. ಹನ್ನೊಂದು ವರ್ಷದ ಹಿಂದೆ, ದಾರಿಯಲ್ಲಿ ಹೋಗುವಾಗ, ಶೌಚಾಲಯ ಹುಡುಕಿಕೊಂಡು ಬಂದಿದ್ದ. ಮೇಜಿನ ಹಿಂದೆ ಅತ್ತಿಗೆಯನ್ನು ಕಂಡು ಅವನಿಗೇ ಆಶ್ಚರ್ಯವಾಗಿತ್ತು.

ಅಸಲಿಗೆ ಇನ್‌ಸೋನನ್ನು ಪಿಯಾನೋಗೆ ಹಚ್ಚಿದವಳೇ ಅವಳು. ಸಂಗೀತದ ಆಸೆಯಿಂದಲ್ಲ. ಗಂಡ ಸಮುದ್ರದ ಪಾಲಾಗಿದ್ದ, ಅಂಗಡಿಯಲ್ಲಿ ಮಗುವನ್ನು ಬಿಟ್ಟರೆ ಒಣ ಆಕ್ಟೋಪಸ್ಸಿನ ಕಾಲು ಕಿತ್ತು ತಿನ್ನುತ್ತಿತ್ತು. ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಪಿಯಾನೋ ಶಾಲೆ ಇತ್ತು. ಅಲ್ಲಿ ಕಳಿಸಿದರೆ ದಿನಕ್ಕೆ ಎರಡು ಗಂಟೆ ಆಕ್ಟೋಪಸ್ಸಿನ ಕಾಲು ಉಳಿಯುತ್ತದೆ ಎಂದು ಕಳಿಸಿದಳು.

ಆ ಶಾಲೆಗಳಲ್ಲಿ ಒಂದು ಪದ್ಧತಿ. ಮೇಡಂ ಪುಸ್ತಕದಲ್ಲಿ ಹತ್ತು ಸೇಬಿನ ಚಿತ್ರ ಬರೆದು ಕೊಡುತ್ತಾರೆ. ಪಾಠವನ್ನು ಒಂದು ಸಲ ನುಡಿಸಿದರೆ ಒಂದು ಸೇಬಿಗೆ ಬಣ್ಣ ತುಂಬಬೇಕು. ಎರಡು ಸಲ ನುಡಿಸಿ ಹತ್ತು ಸೇಬಿಗೂ ಕೆಂಪು ಬಳಿದು ಓಡುವುದನ್ನು ಆ ದೇಶದ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೇಳಿಕೊಟ್ಟರೂ ಕಲಿಯದ ಒಬ್ಬನೇ ಒಬ್ಬ ಹುಡುಗನೆಂದರೆ ಇನ್‌ಸೋ. ಹತ್ತು ಸೇಬೆಂದರೆ ಹತ್ತು ಸಲ. ನಡುವೆ ಲೆಕ್ಕ ತಪ್ಪಿದರೆ ಮೊದಲಿಂದ. ಉಳಿದ ಮಕ್ಕಳು ಹೋಗಿ, ಮೇಡಂ ಬೀಗದ ಕೈ ಹಿಡಿದು ನಿಂತು, "ಸಾಕು ಏಳಪ್ಪಾ, ಮನೇಲಿ ನನ್ ಗಂಡ ಕಾಯ್ತಿದಾನೆ" ಎಂದರೂ ಅವನು ಎಂಟನೇ ಸೇಬಿನಲ್ಲಿರುತ್ತಿದ್ದ. ಇದನ್ನು ಪ್ರಾಮಾಣಿಕತೆ ಎನ್ನಿ, ದಡ್ಡತನ ಎನ್ನಿ, ಮೂರು ವರ್ಷದಲ್ಲಿ ಅವನು ಮೇಡಂಗಿಂತ ಚೆನ್ನಾಗಿ ನುಡಿಸುತ್ತಿದ್ದ. ಪ್ರತಿಭೆ ಎಂದು ಪತ್ರಿಕೆಯವರು ಬರೆದರು. ಪೇಟೆಯವರಿಗೆ ಮಾತ್ರ ಗುಟ್ಟು ಗೊತ್ತಿತ್ತು.

ಆಮೇಲಿನ ಬದುಕೂ ಹಾಗೇ, ಕೊಟ್ಟ ಸೇಬಿಗೆಲ್ಲ ಬಣ್ಣ ತುಂಬಿದ ಬದುಕು. ಸೈನ್ಯಕ್ಕೆ ಹೋಗಬೇಕಾದಾಗ ಹೋದ. ಅಲ್ಲಿನ ವಾದ್ಯವೃಂದದಲ್ಲಿ ಪಿಯಾನೋ ಒಂದು ಬಿಟ್ಟು ಎಲ್ಲ ಇತ್ತು, ಅವನ ಕೈಗೆ ದೊಡ್ಡ ಕಂಚಿನ ತಾಳ ಕೊಟ್ಟರು. ಸೇನಾಪತಿಯ ಭಾಷಣದ ನಡುವೆ ಒಮ್ಮೆ ಅದನ್ನು ತಪ್ಪಿ ಕುಟ್ಟಿದ್ದಕ್ಕೆ ಆಲೂಗಡ್ಡೆ ಸುಲಿಯಲು ಹಾಕಿದರು. ಬೆರಳಿಗೆ ಒಳ್ಳೆಯ ವ್ಯಾಯಾಮವೆಂದು ಅವನು ಅದನ್ನೂ ಶ್ರದ್ಧೆಯಿಂದ ಮಾಡಿದ. ಜರ್ಮನಿಯಲ್ಲಿ ಬಾಡಿಗೆಗೆ ಇದ್ದ ಮನೆಯ ಯಜಮಾನಿ, ತಾನು ನಾಯಿಯನ್ನು ತಿರುಗಾಡಿಸಲು ಕರೆದೊಯ್ಯುವ ಹೊತ್ತಿನಲ್ಲಿ ಮಾತ್ರ ನುಡಿಸಬೇಕು ಎಂದಿದ್ದಳು. ನಾಯಿಗೆ ವಯಸ್ಸಾಗಿತ್ತು. ಮೊದಲ ವರ್ಷ ಎರಡು ಗಂಟೆ ತಿರುಗುತ್ತಿದ್ದದ್ದು ಐದನೇ ವರ್ಷಕ್ಕೆ ಹದಿನೈದು ನಿಮಿಷಕ್ಕೆ ಇಳಿಯಿತು. ಇನ್‌ಸೋ ಜರ್ಮನಿಯಲ್ಲಿ ದೇವರಿಗೆ ಕೈಮುಗಿದದ್ದೆಲ್ಲ ಆ ನಾಯಿಯ ಆರೋಗ್ಯಕ್ಕಾಗಿ. ನಾಯಿ ಸತ್ತ ವಾರವೇ ಪದವಿ ಹಿಡಿದು ಊರಿಗೆ ಬಂದ.

ಬಂದ ಮೇಲೆ, ಊರಿಗೆ ಮರಳಿದ್ದಕ್ಕೆ ಒಂದು ಕಛೇರಿ. ಹೊರದೇಶದಲ್ಲಿ ಕಲಿತು ಬಂದವರು ಅದನ್ನು ಮಾಡಲೇಬೇಕು, ಇಲ್ಲದಿದ್ದರೆ ಹೋಗಿದ್ದಕ್ಕೆ ಸಾಕ್ಷಿ ಏನು? ಅಲ್ಲಿಂದ ಶುರುವಾದದ್ದು ವರ್ಷಕ್ಕೊಂದರಂತೆ ನಡೆಯಿತು. ಉಳಿದ ದಿನಗಳಲ್ಲಿ ಚರ್ಚಿನಲ್ಲಿ ನುಡಿಸಿದ, ಮಕ್ಕಳಿಗೆ ಸೇಬು ಬರೆದುಕೊಟ್ಟ, ಶನಿವಾರಗಳಲ್ಲಿ ಮದುವೆ ಮಂಟಪದಲ್ಲಿ ದಿನಕ್ಕೆ ಆರು ಸಲ ವಧುವಿನ ಪ್ರವೇಶಕ್ಕೆ ನುಡಿಸಿದ. ಎರಡು ಸಾವಿರ ವಧುಗಳನ್ನು ಒಳಗೆ ಕರೆತಂದವನಿಗೆ ತನ್ನದೊಂದು ಮದುವೆ ಆಗಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ, ಒಣ ಬಂಗುಡೆಯ ಮೂಟೆಗಳ ನಡುವೆ ಅವನ ಪಿಯಾನೋ ಇತ್ತು. ಬಿಡುವಾದಾಗಲೆಲ್ಲ ಅಲ್ಲಿ ಕೂತು ಒಂದು ದೊಡ್ಡ ಸೊನಾಟಾ ಅಭ್ಯಾಸ ಮಾಡುತ್ತಿದ್ದ. ನಲವತ್ತು ನಿಮಿಷದ ಆ ಸೊನಾಟಾದಿಂದಲೇ ಪ್ರತಿ ವರ್ಷದ ಕಛೇರಿ ಮುಗಿಯುತ್ತಿತ್ತು.

ಕಛೇರಿ ನಡೆಯುತ್ತಿದ್ದುದು ಬಂದರಿನ ಹತ್ತಿರದ ಸಣ್ಣ ಸಭಾಂಗಣದಲ್ಲಿ. ಸೀಟು ನೂರ ಅರವತ್ತು, ಬರುವವರು ಮೂವತ್ತು, ಎಚ್ಚರವಿರುವವರು ಹತ್ತು. ಈ ವರ್ಷ ಅದಕ್ಕೂ ಕಲ್ಲು ಬಿತ್ತು. ಸಭಾಂಗಣವನ್ನು ಒಡೆದು, ಹಿರಿಯ ನಾಗರಿಕರು ಸುತ್ತಿಗೆಯಿಂದ ಚೆಂಡು ಹೊಡೆದು ಆಡುವ ಗೇಟ್‌ಬಾಲ್ ಅಂಕಣ ಮಾಡುತ್ತಾರಂತೆ. ಮುನ್ನೂರು ಹಿರಿಯರು ಸಹಿ ಹಾಕಿ ಅರ್ಜಿ ಕೊಟ್ಟಿದ್ದರು. ಏಳನೆಯ ಸಹಿ ಜೋಮ್‌ಸುನಳದು.

"ಅಮ್ಮಾ, ನೀನೂ ಹಾಕಿದೀಯಲ್ಲಮ್ಮ!"

"ಮೊಣಕಾಲಿಗೆ ಒಳ್ಳೇದಂತೆ ಕಣೋ. ನಮ್ ಸಂಘದ ಮಾಲ್‌ಸುಕ್ ಹೇಳಿದ್ಲು."

ಬೇರೆ ಸಭಾಂಗಣಗಳವರು ಮೂವತ್ತು ಜನರ ಕಲಾವಿದನಿಗೆ ಬಾಗಿಲು ತೆಗೆಯುವವರಲ್ಲ. ಅಂದರೆ ಇದು ಕೊನೆಯ ಕಛೇರಿ. ಅಮ್ಮನಿಗೆ ಎಪ್ಪತ್ತೊಂಬತ್ತು. ಈ ಸಲವೂ ಅವಳು ಬಾಗಿಲಲ್ಲೇ ನಿಂತರೆ, ತಾನು ಬದುಕಿಡೀ ಮಾಡಿದ್ದೇನು ಎಂದು ಅವಳಿಗೆ ಗೊತ್ತೇ ಆಗದೆ ಮುಗಿಯುತ್ತದೆ ಎಂದು ಇನ್‌ಸೋಗೆ ಸಂಕಟವಾಯಿತು. ಅಪರಿಚಿತರ ಚಪ್ಪಾಳೆ ಅವನಿಗೆ ಬೇಕಿರಲಿಲ್ಲ. ಇವಳೊಬ್ಬಳು ಒಮ್ಮೆ ಕೇಳಬೇಕಿತ್ತು. ಮೇಜಿನ ಹಿಂದೆ ನಿಲ್ಲಲು ಯಾರನ್ನಾದರೂ ಸಂಬಳಕ್ಕೆ ಗೊತ್ತು ಮಾಡುತ್ತೇನೆ ಎಂದ. ಜೋಮ್‌ಸುನ್ ಮೀನು ಕತ್ತರಿಸುವ ಕತ್ತರಿಯನ್ನು ಕೆಳಗಿಟ್ಟು ಮಗನನ್ನು ನೋಡಿದಳು.

"ಬಂದವರಿಗೆ ಬಾಡಿಗೆ ಸೊಂಟ ಬಗ್ಗಿಸೋದಾ? ನಿಮ್ಮಪ್ಪ ಇದ್ದಿದ್ರೆ ಕೆನ್ನೆಗೆ ಬಾರಿಸಿರೋನು."

ಕೊನೆಯ ಕಛೇರಿಗೆ ಗಾಂಭೀರ್ಯ ಇರಲಿ ಎಂದು ಇನ್‌ಸೋ ದೊಡ್ಡ ಭಿತ್ತಿಪತ್ರ ಮಾಡಿಸಿದ. ಕಪ್ಪು ಕೋಟು ತೊಟ್ಟು ನೇರ ನೋಡುತ್ತಿರುವ ಕಪ್ಪು ಬಿಳುಪಿನ ಮುಖ, ಸುತ್ತ ದಪ್ಪ ಕಪ್ಪು ಚೌಕಟ್ಟು. ಅದನ್ನು ಪಡಸಾಲೆಯಲ್ಲಿ, ಮೇಜಿನ ಪಕ್ಕ ನಿಲ್ಲಿಸಿದ್ದರು. ಅಂಥ ಚೌಕಟ್ಟಿನಲ್ಲಿ ಸತ್ತವರ ಚಿತ್ರ ಇಡುತ್ತಾರೆ ಎಂದು ಮೋಕ್‌ಪೋದ ಸಣ್ಣ ಮಗುವಿಗೂ ಗೊತ್ತು. ಜರ್ಮನಿಗೆ ಹೋಗಿ ಬಂದವನಿಗೆ ಹೊಳೆಯಲಿಲ್ಲ.

ಪ್ರತಿ ವರ್ಷ ಒಣಮೀನು ವ್ಯಾಪಾರಿಗಳ ಸಂಘದಿಂದ ಒಂದು ಹೂವಿನ ಮಾಲೆ ಬರುತ್ತಿತ್ತು. ಮಾಲೆ ಎಂದರೆ ಕೊರಳಿಗೆ ಹಾಕುವುದಲ್ಲ, ಆಳೆತ್ತರದ ಮೂರಂತಸ್ತಿನ ಹೂವಿನ ಕಂಬ, ಎರಡು ಕಡೆ ಉದ್ದದ ಪಟ್ಟಿ. ಶುಭಕ್ಕೆ ಬಣ್ಣ ಬಣ್ಣದ್ದು, ಸಾವಿಗೆ ಬಿಳಿ ಸೇವಂತಿಗೆಯದು. ಅಂದು ಊರಿನ ಆಸ್ಪತ್ರೆಯಲ್ಲಿ ಹಳೆಯ ನಾವಿಕನೊಬ್ಬ ತೀರಿಕೊಂಡಿದ್ದ. ಅಲ್ಲಿ ಸಾವಿನ ಮನೆಯೆಂದರೆ ಆಸ್ಪತ್ರೆಯದೇ ಒಂದು ಕೋಣೆ. ಹೂವಿನಂಗಡಿಯ ಯಜಮಾನ ಪ್ಯೋನ್ ಎರಡು ಮಾಲೆ ಕಟ್ಟಿ, ವಿಳಾಸದ ಚೀಟಿಗಳನ್ನು ಅದಲು ಬದಲು ಮಾಡಿಬಿಟ್ಟ. ಅತ್ತ ಆಸ್ಪತ್ರೆಯಲ್ಲಿ ನಾವಿಕನ ಹೆಂಡತಿ ಬಣ್ಣದ ಮಾಲೆಯ ಮೇಲೆ "ಅಮೋಘ ಪ್ರದರ್ಶನಕ್ಕೆ ಅಭಿನಂದನೆಗಳು" ಎಂದು ಓದಿ, ನನ್ನ ಗಂಡನನ್ನು ಸರಿಯಾಗಿ ಅರ್ಥ ಮಾಡಿಕೊಂಡವರು ಇವರೊಬ್ಬರೇ ಎಂದಳಂತೆ. ಇತ್ತ ಮಧ್ಯಾಹ್ನ ಎರಡು ಗಂಟೆಗೆ ಬಿಳಿ ಸೇವಂತಿಗೆಯ ಮಾಲೆ ಬಂದರಿನ ಸಭಾಂಗಣಕ್ಕೆ ಬಂತು.

ತಂದು ನಿಲ್ಲಿಸುವುದಷ್ಟೇ ಗಾಡಿಯವನ ಕೆಲಸವಲ್ಲ. ನಿಲ್ಲಿಸಿದ್ದಕ್ಕೆ ಫೋಟೋ ತೆಗೆದು, ಮಾಲೆ ಕಳಿಸಿದವರ ಫೋನಿಗೆ ಹಾಕಬೇಕು. ಅವನು ಕೆಲಸದಲ್ಲಿ ಅಚ್ಚುಕಟ್ಟಾದ ಮನುಷ್ಯ. ಮಾಲೆಯನ್ನು ಕಪ್ಪು ಚೌಕಟ್ಟಿನ ಮುಖಕ್ಕೆ ಒತ್ತಾಗಿ ನಿಲ್ಲಿಸಿ, ಎರಡೂ ಚೆನ್ನಾಗಿ ಕಾಣುವಂತೆ ತೆಗೆದ ಫೋಟೋ, ಸಂಘದ ಅಧ್ಯಕ್ಷೆ ಬಾಂಗ್ ಮಾಲ್‌ಸುಕಳ ಫೋನಿಗೆ ಹೋಗಿ ಬಿತ್ತು.

ಮಾಲ್‌ಸುಕ್ ಮನಸ್ಸಲ್ಲೇ ಲೆಕ್ಕ ಹಾಕಿದಳು. ತಾನು ಕಳಿಸಿದ್ದು ಶುಭದ ಮಾಲೆ, ಹೂವಿನಂಗಡಿಯವನು ತಾನಾಗಿ ಬಿಳಿ ಮಾಲೆ ಕಟ್ಟಿದ್ದಾನೆ ಅಂದರೆ ಅವನಿಗೆ ಮೊದಲೇ ಸುದ್ದಿ ತಿಳಿದಿದೆ. ಆ ಕ್ಷಣವೇ ಫೋಟೋವನ್ನು ಸಂಘದ ಇನ್ನೂರ ಹದಿನಾಲ್ಕು ಜನರ ಗುಂಪಿಗೆ ಹಾಕಿದಳು.

"ಅಯ್ಯಯ್ಯೋ, ನಮ್ ಪಿಯಾನೋ!"

"ನಿನ್ನೆ ತಾನೇ ನೋಡಿದ್ನಲ್ಲೇ, ಬ್ಯಾಂಕಿನ ಹತ್ರ. ಮುಖ ಬಿಳಿಚ್ಕೊಂಡಿತ್ತು."

"ಅವನ ಮುಖ ಹುಟ್ಟಿದಾಗಿಂದ ಹಂಗೇ."

"ಆಸ್ಪತ್ರೆ ಬಿಟ್ಟು ಸಭಾಂಗಣದಲ್ಲಿ ಯಾಕೆ ಇಟ್ಟಿದಾರೆ?"

"ಕಲಾವಿದರನ್ನ ಹಂಗೇ ಇಡೋದಂತೆ. ನಮ್ ಭಾವ ಹೇಳ್ತಿದಾರೆ."

"ಯಾರಾದ್ರೂ ಅವನ ಫೋನಿಗೆ ಮಾಡಿ ನೋಡ್ರೇ."

"ಮಾಡಿದೆ. ಸ್ವಿಚ್ ಆಫ್."

ಅದೊಂದು ಮಾತಿಗೆ ಉಳಿದ ಅನುಮಾನವೂ ಹೋಯಿತು. ಕಛೇರಿಯ ದಿನ ಇನ್‌ಸೋ ಬೆಳಗಿನಿಂದಲೇ ಫೋನು ಆರಿಸಿಡುತ್ತಾನೆ ಎಂದು ಯಾರಿಗೆ ಗೊತ್ತು? ಜೋಮ್‌ಸುನಳನ್ನೇ ಕೇಳಬಹುದಿತ್ತು. ಮಗನನ್ನು ಕಳೆದುಕೊಂಡವಳಿಗೆ ಫೋನು ಮಾಡಿ "ಹೌದಾ?" ಎಂದು ಕೇಳುವಷ್ಟು ಕಲ್ಲೆದೆಯವರು ಪೇಟೆಯಲ್ಲಿ ಇರಲಿಲ್ಲ. ನಾಲ್ಕು ಗಂಟೆಗೆ ಒಣಮೀನು ಪೇಟೆ ಬಾಗಿಲೆಳೆಯಿತು.

ಅಷ್ಟರಲ್ಲಿ ಸಭಾಂಗಣದ ಉಸ್ತುವಾರಿ ದೊಕ್‌ಮನ್ ಬಿಳಿ ಮಾಲೆ ನೋಡಿ ಹೌಹಾರಿ, ಪ್ಯೋನ್‌ಗೆ ಫೋನಿನಲ್ಲೇ ಮಂಗಳಾರತಿ ಮಾಡಿ, ಅದನ್ನು ಕಸದ ಡಬ್ಬಿಯ ಹಿಂದೆ ನಿಲ್ಲಿಸಿ, ಹೊಸದಾಗಿ ಕಟ್ಟಿಸಿದ ಬಣ್ಣದ ಮಾಲೆ ತರಿಸಿ ಇಟ್ಟಿದ್ದ. ಐದು ಗಂಟೆಗೆ ಜೋಮ್‌ಸುನ್ ಬಂದಾಗ ಎಲ್ಲ ಸರಿಯಾಗಿತ್ತು. ಒಳಕೋಣೆಯಲ್ಲಿದ್ದ ಮಗನಿಗೆ ಅನ್ನದ ಕಿಂಬಾಪ್ ಉರುಳೆ ತಿನ್ನಲು ಕೊಟ್ಟು, ಬಂದು ಮೇಜಿನ ಹಿಂದೆ ನಿಂತಳು.

ಆರು ಗಂಟೆಗೆ ಪೇಟೆ ಬಂತು. ಒಂದೊಂದು ಅಂಗಡಿಯಿಂದ ಮೂರು ನಾಲ್ಕು ಜನ, ಎಲ್ಲರೂ ಕಪ್ಪು ಬಟ್ಟೆ, ಕೈಯಲ್ಲಿ ಸಾವಿನ ಮನೆಗೆ ಕೊಡುವ ಮುಯ್ಯಿ ಹಣದ ಬಿಳಿ ಲಕೋಟೆ. ಮುಂದಿದ್ದ ಮಾಲ್‌ಸುಕಳ ಕಣ್ಣು ಮೊದಲು ಬಿದ್ದದ್ದು ಬಣ್ಣದ ಮಾಲೆಯ ಮೇಲೆ.

"ಥೂ, ಆ ಪ್ಯೋನ್‌ಗೆ ಮಾನ ಮರ್ಯಾದೆ ಇದ್ಯಾ? ಸಾವಿನ ಮನೇಲಿ ಅಭಿನಂದನೆಯಂತೆ! ಎತ್ರೀ ಇದನ್ನ!"

ನಾಲ್ಕು ಜನ ಸೇರಿ ಅದನ್ನು ಹೊರಗೆ ಎಳೆದುಕೊಂಡು ಹೋದರು. ಕಸದ ಡಬ್ಬಿಯ ಹಿಂದೆ ಬಿಳಿ ಮಾಲೆ ಕಂಡು, ಯಾವ ಪಾಪಿ ಇಲ್ಲಿ ಎಸೆದನೋ ಎಂದು ಬೈದುಕೊಂಡು ಅದನ್ನು ಒಳಗೆ ತಂದರು. ಇನ್ನೊಬ್ಬ ಊದಿನಕಡ್ಡಿ ಹಚ್ಚಿದ. ಇನ್‌ಸೋನ ಮುಖದ ಮುಂದೆ ಸಾಲಾಗಿ ನಿಂತು, ಮೊಣಕಾಲೂರಿ, ಎರಡೆರಡು ಸಲ ಅಡ್ಡಬಿದ್ದರು.

ಜೋಮ್‌ಸುನ್ ಇದನ್ನೆಲ್ಲ ಬಾಯಿ ತೆರೆದು ನೋಡಿದಳು. ಮೊದಲಿಗೆ ಅವಳಿಗೆ ಖುಷಿಯೇ ಆಯಿತು. ಹದಿನೆಂಟು ವರ್ಷದಲ್ಲಿ ಇಷ್ಟು ಜನ ಬಂದಿರಲಿಲ್ಲ, ಇಷ್ಟು ಮರ್ಯಾದೆಯಿಂದಂತೂ ಯಾರೂ ಬಂದಿರಲಿಲ್ಲ. ಅಷ್ಟರಲ್ಲಿ ಮಾಲ್‌ಸುಕ್ ಓಡಿ ಬಂದು ಅವಳನ್ನು ತಬ್ಬಿಕೊಂಡಳು.

"ಅಕ್ಕಾ! ಎಂಥಾ ಮಗನ್ನ ಕಳ್ಕೊಂಡ್ಯಲ್ಲಕ್ಕಾ!"

"ಯಾರು ಕಳ್ಕೊಂಡ್ರೇ? ಒಳಗೆ ಕಿಂಬಾಪ್ ತಿಂತಾ ಕೂತಿದಾನೆ."

ಸೀಗಡಿ ಅಂಗಡಿಯವಳು ಗೊಳೋ ಎಂದಳು. "ಊಟ ಇಟ್ಟಿದಾರೆ ನೋಡ್ರೇ, ಇನ್ನೂ ತಿಂತಾನೆ ಅಂದ್ಕೊಂಡಿದಾರೆ."

"ಸತ್ತಿಲ್ಲ ಕಣ್ರೇ! ನಿಮ್ ತಲೆ ಕೆಟ್ಟಿದ್ಯಾ?"

"ಹೌದಕ್ಕಾ, ಸತ್ತಿಲ್ಲ, ಸತ್ತಿಲ್ಲ" ಎಂದು ಎಲ್ಲರೂ ಅವಳ ಬೆನ್ನು ಸವರಿದರು. ಅವಳು ಹೇಳಿದಷ್ಟೂ ಅವರ ಅಳು ಹೆಚ್ಚಾಯಿತು. ಆಗ ಮಾಲ್‌ಸುಕಳ ಕಣ್ಣು ಮೇಜಿನ ಮೇಲೆ ಬಿತ್ತು. ಅಳು ನಿಂತು ಸಿಟ್ಟು ಬಂತು.

"ಏನ್ರೀ ಇದು, ಮಗನ್ನ ಕಳ್ಕೊಂಡ ತಾಯೀನ ಬಾಗಿಲಲ್ಲಿ ನಿಲ್ಸಿದೀರಾ? ಬಂದವ್ರ ಲಕೋಟೆ ಇವ್ರು ತಗೋಬೇಕಾ? ನಾವೆಲ್ಲ ಯಾತಕ್ಕಿದೀವಿ? ಅಕ್ಕಾ, ನೀನು ಇಲ್ಲಿ ಒಂದು ಗಳಿಗೆ ನಿಲ್ಲಕೂಡ್ದು. ನಡಿ ಒಳಗೆ."

ಅದು ಸಂಪ್ರದಾಯ. ಸಾವಿನ ಮನೆಯ ಬಾಗಿಲ ಕೆಲಸ ಹೊರಗಿನವರದು, ನೊಂದವರು ಒಳಗೆ ಕೂರಬೇಕು. ಮೀನು ಒಣಗಿಸುವ ಇಬ್ಬರು ಗಂಡಸರು ಮೇಜಿನ ಹಿಂದೆ ನಿಂತರು. ಮಾಲ್‌ಸುಕ್ ಒಂದು ರಟ್ಟೆ, ಸೀಗಡಿಯವಳು ಇನ್ನೊಂದು ರಟ್ಟೆ ಹಿಡಿದು, "ಬಿಡ್ರೇ, ಬಂದವ್ರಿಗೆ ಯಾರೇ ಬಗ್ಗೋದು!" ಎಂದು ಜಗ್ಗಾಡುತ್ತಿದ್ದ ಜೋಮ್‌ಸುನಳನ್ನು ಆ ದಪ್ಪ ಬಾಗಿಲು ದಾಟಿಸಿ, ಮೊದಲ ಸಾಲಿನ ನಡು ಸೀಟಿನಲ್ಲಿ ಕೂರಿಸಿದರು.

ದೊಕ್‌ಮನ್ ಒಳಕೋಣೆಗೆ ಏದುಸಿರು ಬಿಡುತ್ತ ಓಡಿದ.

"ಮೇಷ್ಟ್ರೇ, ಈಚೆಗೆ ಬರ್ಬೇಡಿ."

"ಯಾಕೆ?"

"ನೀವು ತೀರ್ಕೊಂಡಿದೀರ."

ಇನ್‌ಸೋ ಬಾಯಲ್ಲಿದ್ದ ಕಿಂಬಾಪ್ ನುಂಗಿದ. ದೊಕ್‌ಮನ್ ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಅವನ ಬಾಯಿಂದ ಬಂದ ಮೊದಲ ಪ್ರಶ್ನೆ ಒಂದೇ.

"ಎಷ್ಟು ಜನ ಬಂದಿದಾರೆ?"

"ಸೀಟೆಲ್ಲ ತುಂಬಿ ಮೆಟ್ಟಿಲ ಮೇಲೆ ಕೂತಿದಾರೆ. ನಡೀರಿ, ಒಂದ್ಸಲ ಮುಖ ತೋರ್ಸಿಬಿಡಿ. ನಿಮ್ಮಮ್ಮನ್ನ ನೋಡಕ್ಕಾಗ್ತಿಲ್ಲ."

"ಅಮ್ಮ ಎಲ್ಲಿ?"

"ಮೊದಲ್ನೇ ಸಾಲಲ್ಲಿ. ಇಬ್ರು ರಟ್ಟೆ ಹಿಡ್ಕೊಂಡು ಕೂರ್ಸಿದಾರೆ. ಜಪ್ಪಯ್ಯ ಅಂದ್ರೂ ಬಿಡ್ತಿಲ್ಲ."

ಇನ್‌ಸೋ ಎದ್ದವನು ಮತ್ತೆ ಕೂತ.

"ನಾನು ಬದುಕಿದೀನಿ ಅಂತ ಗೊತ್ತಾದ್ರೆ ಬಿಟ್ಬಿಡ್ತಾರಾ?"

"ಆ ಕ್ಷಣಾನೇ ಬಿಡ್ತಾರೆ."

"ಹಂಗಾದ್ರೆ ಬೇಡ" ಎಂದ ಇನ್‌ಸೋ. "ಪರದೆ ತೆಗೀಬೇಡಿ. ಹಿಂದೆ ಕೂತು ನುಡಿಸ್ತೀನಿ. ರೆಕಾರ್ಡು ಹಾಕಿದಾರೆ ಅಂದ್ಕೋತಾರೆ."

"ಮೇಷ್ಟ್ರೇ, ನಾನು ಸರ್ಕಾರಿ ನೌಕರ. ಮೈಕಲ್ಲಿ ಸುಳ್ಳು ಹೇಳಕ್ಕಾಗಲ್ಲ."

"ಸುಳ್ಳು ಹೇಳ್ಬೇಡಿ. ಇದ್ದಿದ್ದೇ ಹೇಳಿ."

ದೊಕ್‌ಮನ್ ಮೈಕಿನ ಮುಂದೆ ನಿಂತು, "ಈಗ ತಾಕ್ ಇನ್‌ಸೋ ಅವರ ಸೊನಾಟಾ" ಎಂದಷ್ಟೇ ಹೇಳಿ ಬೆವರೊರೆಸಿಕೊಂಡ. ಅಷ್ಟು ನಿಜವಾದ ಪ್ರಕಟಣೆಯನ್ನು ಅವನು ತನ್ನ ನೌಕರಿಯಲ್ಲೇ ಮಾಡಿರಲಿಲ್ಲ. ಸಭೆ ಬಿಕ್ಕಿತು.

ಮುಚ್ಚಿದ ಪರದೆಯ ಹಿಂದೆ, ಸಣ್ಣ ದೀಪದಲ್ಲಿ, ಇನ್‌ಸೋ ಶುರು ಮಾಡಿದ. ಜೀವಮಾನದಲ್ಲಿ ಮೊದಲ ಸಲ ತುಂಬಿದ ಸಭೆ, ಅದರಲ್ಲಿ ಒಬ್ಬರೂ ನಿದ್ದೆ ಮಾಡುತ್ತಿಲ್ಲ. ಆದರೆ ಸಾವಿನ ಮನೆಯಲ್ಲಿ ಯಾರು ಬಾಯಿ ಮುಚ್ಚಿ ಕೂರುತ್ತಾರೆ? ಇಷ್ಟರಲ್ಲೇ ಯಾರೋ ಸೋಜು ಹೆಂಡದ ಶೀಸೆ ತೆರೆದಿದ್ದರು, ಯಾರೋ ಒಣ ಸ್ಕ್ವಿಡ್ ಹರಿದು ಹಂಚುತ್ತಿದ್ದರು. ಮೆಟ್ಟಿಲ ಮೇಲಿನ ಗಂಡಸರು ಎಲೆ ಕಲೆಸಿ ಇಸ್ಪೀಟಿನಂಥ ಹ್ವಾತು ಆಟಕ್ಕೆ ಕೂತಿದ್ದರು. ಮಾತೆಲ್ಲ ಪರದೆ ದಾಟಿ ಬರುತ್ತಿತ್ತು.

"ಒಳ್ಳೇ ಹುಡುಗ. ಆದ್ರೆ ಸ್ವಲ್ಪ ಜುಗ್ಗ."

"ನನ್ ಮಗಳ ಮದುವೇಲಿ ಇವನೇ ನುಡಿಸಿದ್ದು. ಮದುವೆ ಮುರೀತು, ಅದು ಬೇರೆ ವಿಷ್ಯ."

"ಅಲ್ಲಾ, ಇಷ್ಟೊಂದು ಸ್ವರ ಯಾತಕ್ಕೆ ಅಂತ? ಇದ್ರಲ್ಲಿ ಅರ್ಧ ಸಾಕಿತ್ತು."

"ಎಡಗೈ ಚೆನ್ನಾಗಿದೆ ಕಣಯ್ಯಾ. ಬಲಗೈನೇ ಅವಸರ."

ಕೊನೆಯದನ್ನು ಹೇಳಿದವನು ಸಮುದ್ರಪಾಚಿ ಮಾರುವವನು. ಇಪ್ಪತ್ತು ವರ್ಷದಲ್ಲಿ ಇನ್‌ಸೋಗೆ ಸಿಕ್ಕ ಮೊದಲ ನಿಜವಾದ ವಿಮರ್ಶೆ ಅದು. ಅವನು ಬಲಗೈಯನ್ನು ನಿಧಾನಿಸಿದ. ಆಗ ಮೊದಲ ಸಾಲಿನಿಂದ ಒಂದು ದನಿ ಎದ್ದಿತು. ಆ ದನಿ ಪೇಟೆಯ ಆ ತುದಿಯಿಂದ ಈ ತುದಿಗೆ ಗಿರಾಕಿಯನ್ನು ಕರೆಯುವ ದನಿ.

"ಬಾಯಿ ಮುಚ್ರೋ ಎಲ್ರೂ! ನನ್ ಮಗ ನುಡಿಸ್ತಿದಾನೆ!"

ಸ್ಕ್ವಿಡ್ ಹರಿಯುವ ಸದ್ದು ನಿಂತಿತು. ಎಲೆ ಕಲೆಸುವ ಸದ್ದು ನಿಂತಿತು. ಇನ್‌ಸೋನ ಕಣ್ಣು ಮಂಜಾಯಿತು, ಕೈ ಮಾತ್ರ ನಿಲ್ಲಲಿಲ್ಲ. ಸೊನಾಟಾದ ನಡುವೆ ಎರಡು ಕೈಗಳೂ ಎದುರುಬದುರು ಓಡಿ ಒಂದನ್ನೊಂದು ದಾಟಬೇಕಾದ ಕೆಟ್ಟ ಜಾಗವೊಂದಿದೆ. ಅದು ಹತ್ತಿರ ಬಂದಾಗ ಅವನು ಉಸಿರು ಹಿಡಿದ, ದಾಟಿದ. ಅದರಾಚೆಗೆ ನಿಧಾನವಾದ, ಬಹಳ ಮೆದುವಾದ, ಉದ್ದನೆಯ ಭಾಗ. ತನಗೆ ಜಗತ್ತಿನಲ್ಲೆಲ್ಲ ಪ್ರಿಯವಾದ ಆ ಭಾಗವನ್ನು ಅವನು ಅಮ್ಮನೊಬ್ಬಳಿಗಾಗಿ ನುಡಿಸಿದ. ಕೊನೆಯ ಸ್ವರ ಆರಿದ ಮೇಲೂ ಸಭೆಯಲ್ಲಿ ಯಾರೂ ಕೆಮ್ಮಲಿಲ್ಲ. ಸತ್ತವನಿಗೆ ಚಪ್ಪಾಳೆ ತಟ್ಟಬಹುದೋ ಬಾರದೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇನ್‌ಸೋ" ಎಂದು ಜೋಮ್‌ಸುನ್ ಪರದೆಯನ್ನು ಕರೆದಳು.

"ಅಕ್ಕಾ, ಅದು ರೆಕಾರ್ಡು" ಎಂದಳು ಮಾಲ್‌ಸುಕ್, ಅಳುತ್ತಾ.

"ರೆಕಾರ್ಡೂ ಇಲ್ಲ, ನಿನ್ ತಲೇನೂ ಇಲ್ಲ, ಸುಮ್ನಿರೇ. ಇನ್‌ಸೋ, ಅದು ಅಲ್ಲಿಗೇ ಮುಗಿಯಲ್ವೇನೋ? ಅಂಗಡಿ ಹಿಂದೆ ಮೂವತ್ತು ವರ್ಷದಿಂದ ಕೇಳ್ತಿದೀನಿ. ಧಡಧಡ ಅಂತ ಅಲ್ಲೀವರ್ಗೆ ಬರ್ತೀಯ, 'ಥತ್ ದರಿದ್ರದ್ದೇ' ಅಂತ ಬೈಕೋತೀಯ, ತಿರ್ಗಾ ಮೊದ್ಲಿಂದ ಶುರು ಮಾಡ್ತೀಯ. ಬೈಗುಳ ಬಂತಾ, ಮುಗೀತು ಅಂತ್ಲೇ ನಾನು ಅಂದ್ಕೊಂಡಿದ್ದೆ. ಅಲ್ಲಿ ಬಾಗಿಲಲ್ಲಿ ನಿಂತಾಗ್ಲೂ, ಇವತ್ತು ಜನರ ಮುಂದೆ ಬೈಕೊಳ್ದೆ ಇದ್ರೆ ಸಾಕಪ್ಪಾ ಅಂತಿದ್ದೆ. ಅದ್ರಾಚೆ ಇಷ್ಟೆಲ್ಲ ಇತ್ತೇನೋ?"

ಇನ್‌ಸೋಗೆ ತಾನು ಸತ್ತಿದ್ದೇನೆ ಎಂಬುದು ಮರೆತೇ ಹೋಯಿತು.

"ಇತ್ತಮ್ಮ" ಎಂದ.

ಪರದೆಯ ಹಿಂದಿನಿಂದ ಹೆಣ ಮಾತಾಡಿದ್ದೇ ತಡ, ಸಭೆ ಸಭೆಯಾಗಿ ಉಳಿಯಲಿಲ್ಲ. ಸೀಗಡಿಯವಳು ಕಿಟಾರನೆ ಕಿರುಚಿಕೊಂಡಳು. ಒಣ ನೆತ್ತಲಿ ಮಾರುವವನು ಸೀಟಿನ ಕೆಳಗೆ ತೂರಿಕೊಂಡ. ಗಾಬರಿಯಲ್ಲಿ ದೊಕ್‌ಮನ್ ಹಗ್ಗ ಎಳೆದ, ಪರದೆ ಸರಿಯಿತು. ಹೊರಗೆ ತಾವು ಅಡ್ಡಬಿದ್ದು ಬಂದ ಚಿತ್ರದ ಅದೇ ಕಪ್ಪು ಕೋಟು, ಅದೇ ಮುಖ, ಕಣ್ಣಲ್ಲಿ ನೀರು ತುಂಬಿಕೊಂಡು ಎದ್ದು ನಿಂತಿತ್ತು. ಹಿಂದಿನ ಸಾಲುಗಳವರು ಎದ್ದೆವೋ ಬಿದ್ದೆವೋ ಎಂದು ಬಾಗಿಲಿಗೆ ಓಡಿದರು. ಮಾಲ್‌ಸುಕಳ ಕೈ ಜೋಮ್‌ಸುನಳ ರಟ್ಟೆಯಿಂದ ತಾನಾಗಿ ಕಳಚಿಕೊಂಡಿತು.

ಜೋಮ್‌ಸುನ್ ಎದ್ದಳು. ಬಂದವರು ಹೊರಟಿದ್ದಾರೆ, ಬಾಗಿಲಲ್ಲಿ ಮನೆಯವರು ಯಾರೂ ಇಲ್ಲ. ಅವಳ ಕಾಲುಗಳು ತಾವಾಗಿ ಎರಡು ಹೆಜ್ಜೆ ಅತ್ತ ಇಟ್ಟವು. ಮೇಲಿನಿಂದ ನೋಡುತ್ತಿದ್ದ ಇನ್‌ಸೋನ ಜೀವ ಬಾಯಿಗೆ ಬಂತು. ಅವಳು ಬಾಗಿಲನ್ನು ನೋಡಿದಳು, ವೇದಿಕೆಯನ್ನು ನೋಡಿದಳು, ಮೊಣಕಾಲು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು.

"ಮಾಲ್‌ಸುಕ್, ನೀನ್ಹೋಗಿ ಬಾಗಿಲಲ್ಲಿ ನಿಂತ್ಕೋ. ಓಡಿಹೋಗೋರಿಗೆಲ್ಲ ಚೆನ್ನಾಗಿ ಬಗ್ಗು" ಎಂದಳು.

ಅಧ್ಯಕ್ಷೆ ಬಾಗಿಲಿಗೆ ಓಡಿದಳು. ಜೋಮ್‌ಸುನ್ ಹಿಂದಿರುಗಿ ತನ್ನ ಸೀಟಿನಲ್ಲಿ ಕೂತು, ಹಾನ್‌ಬೋಕಿನ ನಿರಿಗೆ ಸರಿಮಾಡಿಕೊಂಡು, ಕೈ ಮಡಿಲಲ್ಲಿಟ್ಟುಕೊಂಡಳು.

"ಹೂಂ, ನುಡಿಸು. ಮೊದ್ಲಿಂದ ಬೇಡ. ಆ ಬೈಕೊಳ್ಳೋ ಜಾಗದಿಂದ."

ಇನ್‌ಸೋ ಕೋಟಿನ ತೋಳಿನಿಂದ ಮುಖ ಒರೆಸಿಕೊಂಡು, ಪಿಯಾನೋ ಮುಂದೆ ಕೂತು, ಅಲ್ಲಿಂದ ನುಡಿಸಿದ.